‘ದೌರ್ಬಲ್ಯ’: ಒಂದು ಶಬ್ದ, ಹಲವು ಛಾಯೆಗಳು

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವನ್ನು ಈ ಸೀಮೆಯಲ್ಲಿ ಓದಿದವರು ಒಮ್ಮೆಯಾದರೂ ಹತ್ತಿರುತ್ತಾರೆ. ಬಿಸಿಲಿನಲ್ಲಿ ಮೆಟ್ಟಿಲೇರುವ ಜನರ ಮಾತಿಗೆ ಕಿವಿಗೊಟ್ಟರೆ ಭಾಷೆಯ ಒಂದು ಪಾಠವೇ ದೊರೆಯುತ್ತದೆ. ಪಟ್ಟಣದಿಂದ ಬಂದ ಯುವಕನು “ಸುಸ್ತಾಯಿತು” ಎನ್ನುತ್ತಾನೆ. ಹೊರೆ ಹೊತ್ತು ಬಂದ ರೈತನು “ಕಾಲು ಸೋತವು” ಎನ್ನುತ್ತಾನೆ. ಬಂಡೆಯ ನೆರಳಿನಲ್ಲಿ ಕುಳಿತ ಮುದುಕಿಯು “ತ್ರಾಣ ಇಲ್ಲಪ್ಪಾ” ಎನ್ನುತ್ತಾಳೆ. ಮೂವರ ಅನುಭವವನ್ನೂ ನಾವು ‘ದೌರ್ಬಲ್ಯ’ವೆಂಬ ಒಂದೇ ಶಬ್ದದಿಂದ ಸೂಚಿಸಬಹುದು. ಹಾಗೆ ಸೂಚಿಸಿದೊಡನೆ ಮೂವರಲ್ಲಿ ಇಬ್ಬರಿಗಾದರೂ ಅನ್ಯಾಯವಾಗುತ್ತದೆ. ಯುವಕನಿಗೆ ಐದು ನಿಮಿಷದ ವಿಶ್ರಾಂತಿ ಸಾಕು. ರೈತನ ಹೊರೆಯನ್ನು ಯಾರಾದರೂ ಸ್ವಲ್ಪ ದೂರ ಹೊರಬೇಕು. ಮುದುಕಿಗೆ ಕೈಹಿಡಿದು ನಡೆಸುವವರು ಬೇಕು. ಶಬ್ದ ಬೇರೆಯಾದಂತೆ ಪರಿಹಾರವೂ ಬೇರೆಯಾಗುತ್ತದೆ.

ಪರ್ಯಾಯಪದಗಳ ಅಧ್ಯಯನವನ್ನು ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿಯ ಬಾಯಿಪಾಠವಾಗಿ ಮುಗಿಸಿಬಿಡುತ್ತೇವೆ. ದುರ್ಬಲ, ಅಶಕ್ತ, ನಿಶ್ಶಕ್ತ, ಬಲಹೀನ ಎಂದು ವಿದ್ಯಾರ್ಥಿಯು ಒಪ್ಪಿಸಿದರೆ ಅಂಕ ದೊರೆಯುತ್ತದೆ. ಆದರೆ ಸಂಪೂರ್ಣವಾಗಿ ಸಮಾನಾರ್ಥಕವಾದ ಎರಡು ಶಬ್ದಗಳನ್ನು ಜೀವಂತ ಭಾಷೆಯು ಬಹುಕಾಲ ಉಳಿಸಿಕೊಳ್ಳುವುದಿಲ್ಲ. ಎರಡೂ ಉಳಿದಿದ್ದರೆ ಅವುಗಳ ನಡುವೆ ಯಾವುದೋ ಅಂತರ ಇರಲೇಬೇಕು. ಆ ಅಂತರವನ್ನು ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ. ಈ ಶಬ್ದವನ್ನೇ ಏಕೆ ಆರಿಸಿಕೊಂಡೆನೆಂಬುದು ಮುಂದೆ ವಿದಿತವಾಗುವುದು.

೧. ಶಬ್ದದ ರಚನೆ

‘ದೌರ್ಬಲ್ಯ’ವು ಸಂಸ್ಕೃತ ಶಬ್ದ. ‘ದುರ್ಬಲ’ ಎಂಬ ಗುಣವಾಚಕದಿಂದ ಹುಟ್ಟಿದ ಭಾವನಾಮ. ಆದುದರಿಂದ ‘ದೌರ್ಬಲ್ಯತೆ’ ಎಂದು ಬರೆಯುವುದು ತಪ್ಪು. ಒಂದು ಭಾವಪ್ರತ್ಯಯದ ಮೇಲೆ ಇನ್ನೊಂದನ್ನು ಹೇರಿದಂತಾಗುತ್ತದೆ. ‘ದೌರ್ಬಲ್ಯ’ ಅಥವಾ ‘ದುರ್ಬಲತೆ’, ಇವೆರಡರಲ್ಲಿ ಒಂದು ಸಾಕು. ಹಾಗೆಯೇ ‘ಅಶಕ್ತ’, ‘ಆಸಕ್ತ’, ‘ಅಸಕ್ತ’ ಎಂಬ ಮೂರನ್ನು ಬೆರೆಸುವುದುಂಟು. ಶಕ್ತಿಯಿಲ್ಲದವನು ಅಶಕ್ತ, ಒಲವುಳ್ಳವನು ಆಸಕ್ತ, ಅಂಟಿಕೊಳ್ಳದವನು ಅಸಕ್ತ. ‘ಓದಿನಲ್ಲಿ ಆಸಕ್ತ’ ಎಂದು ಬರೆಯಹೋಗಿ ‘ಅಶಕ್ತ’ ಎಂದು ಬರೆದರೆ ವಿದ್ಯಾರ್ಥಿಯ ಹಣೆಬರಹವನ್ನೇ ತಿರುಗಿಸಿದಂತೆ.

ಉಪಸರ್ಗಗಳ ಅಂತರವೂ ಗಮನಾರ್ಹ. ‘ನಿರ್ಬಲ’, ‘ಅಬಲ’ ಎಂಬಲ್ಲಿ ಬಲದ ಅಭಾವವಿದೆ. ‘ಬಲಹೀನ’ ಎಂಬಲ್ಲಿ ಇರಬೇಕಾದ ಬಲವು ಕಡಿಮೆಯಾದ ಸೂಚನೆಯಿದೆ. ‘ದುರ್’ ಎಂಬ ಉಪಸರ್ಗವಾದರೋ ಅಭಾವವನ್ನು ಹೇಳುವುದಕ್ಕಿಂತ ಕೆಟ್ಟ ಸ್ಥಿತಿಯನ್ನು, ಕಷ್ಟವನ್ನು ಹೇಳುತ್ತದೆ. ಇದಕ್ಕೆ ನಮ್ಮ ಬಯಲುಸೀಮೆಯ ಜನರಿಗೆ ತೀರ ಪರಿಚಿತವಾದ ಉದಾಹರಣೆಯೆಂದರೆ ‘ದುರ್ಭಿಕ್ಷ’. ಭಿಕ್ಷೆಯೂ ದೊರೆಯುವುದು ಕಷ್ಟವಾದ ಕಾಲವೇ ದುರ್ಭಿಕ್ಷ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರುಗಳೂ ಸೇರಿವೆ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಪೀಡಿಸಿದ ಧಾತು–ಈಶ್ವರ ಸಂವತ್ಸರಗಳ ಬರವು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ದುರ್ಭಿಕ್ಷವನ್ನು ಕಂಡ ನಾಡಿಗೆ ‘ದುರ್ಬಲ’ ಶಬ್ದದ ‘ದುರ್’ ಎಂಬುದು ಎಂತಹದೆಂದು ವಿವರಿಸಬೇಕಾಗಿಲ್ಲ. ಬಲವು ಕಷ್ಟಕ್ಕೆ ಸಿಕ್ಕಿಕೊಂಡಿದೆ ಎಂದಷ್ಟೇ ಅದರ ಮೂಲಧ್ವನಿ. ಬಲವು ಹುಟ್ಟಿನಿಂದಲೇ ಇಲ್ಲವೆಂದಾಗಲಿ, ಇನ್ನು ಬರಲಾರದೆಂದಾಗಲಿ ಅದು ಹೇಳುವುದಿಲ್ಲ.

೨. ಬಡವ ಮತ್ತು ಬಲ್ಲಿದ

ಅಚ್ಚಗನ್ನಡದಲ್ಲಿ ದೌರ್ಬಲ್ಯವನ್ನು ಹೇಳುತ್ತಿದ್ದ ಹಳೆಯ ಶಬ್ದ ‘ಬಡ’. ಹಳಗನ್ನಡ ಕವಿಗಳು ‘ಬಡನಡು’ ಎಂದಾಗ ಅದು ತೆಳ್ಳನೆಯ ನಡು; ಅಲ್ಲಿ ದಾರಿದ್ರ್ಯದ ಪ್ರಸಕ್ತಿಯಿಲ್ಲ. ಇಂದಿಗೂ ‘ಬಡಕಲು ಎತ್ತು’ ಎಂದರೆ ಮೈಯಿಳಿದ ಎತ್ತು. 1894ರಲ್ಲಿ ಪ್ರಕಟವಾದ ಕಿಟೆಲ್ಲರ ನಿಘಂಟಿನಲ್ಲಿಯೂ ಈ ಶಬ್ದಕ್ಕೆ ತೆಳುವು, ದುರ್ಬಲತೆ, ದಾರಿದ್ರ್ಯ ಎಂಬ ಅರ್ಥಗಳು ಜೊತೆಜೊತೆಯಾಗಿ ನಿಂತಿವೆ. ಇದಕ್ಕೆ ಎದುರಾಗಿ ನಿಂತ ಶಬ್ದ ‘ಬಲ್ಲಿದ’. ಬಲಿ, ಬಲಿತ, ಬಲ್ಮೆ, ಬಲ್ಲಾಳು ಎಂಬ ಕುಟುಂಬಕ್ಕೆ ಸೇರಿದ ಇದರ ಮೂಲಾರ್ಥ ಬಲವುಳ್ಳವನು. ಸಂಸ್ಕೃತದ ‘ಬಲ’ವೇ ದ್ರಾವಿಡ ಮೂಲದ್ದಿರಬಹುದೆಂದು ಊಹಿಸಿದ ಭಾಷಾಶಾಸ್ತ್ರಜ್ಞರೂ ಉಂಟು.

ಈಗ ‘ಬಡವ–ಬಲ್ಲಿದ’ ಎಂಬ ಜೋಡುನುಡಿಯನ್ನು ನೋಡಿರಿ. ಇಂದು ಅದರ ಅರ್ಥ ದರಿದ್ರ ಮತ್ತು ಧನಿಕ. ಮೂಲದಲ್ಲಿ ಅಬಲ ಮತ್ತು ಸಬಲ. ಮೈಯ ಬಲವನ್ನು ಹೇಳುತ್ತಿದ್ದ ಎರಡು ಶಬ್ದಗಳು ಕಾಲಕ್ರಮದಲ್ಲಿ ಹಣದ ಬಲವನ್ನು ಹೇಳತೊಡಗಿದವು. ಯಾವನು ಉಣ್ಣಲಾರನೋ ಅವನ ಮೈ ಬಡವಾಗುತ್ತದೆ. ಮೈ ಬಡವಾದವನು ದುಡಿಯಲಾರನು. ದುಡಿಯಲಾರದವನು ಇನ್ನಷ್ಟು ಬಡವನಾಗುತ್ತಾನೆ. ಅರ್ಥಶಾಸ್ತ್ರದ ಈ ವಿಷಚಕ್ರವು ಒಂದು ಶಬ್ದದ ಚರಿತ್ರೆಯಲ್ಲಿಯೇ ಅಡಗಿದೆ. ‘ಬಡವನ ಕೋಪ ದವಡೆಗೆ ಮೂಲ’ ಎಂಬ ಗಾದೆಯನ್ನು ಹಳೆಯ ಅರ್ಥದಲ್ಲಿ ಓದಿದರೆ ಅದರ ತರ್ಕ ಸ್ಪಷ್ಟವಾಗುತ್ತದೆ: ತೋಳಿನಲ್ಲಿ ಬಲವಿಲ್ಲದವನು ಕೋಪಿಸಿಕೊಂಡರೆ ಪೆಟ್ಟು ಅವನಿಗೇ.

ಹನ್ನೆರಡನೆಯ ಶತಮಾನದ ಹೊತ್ತಿಗೆ ಹಣದ ಅರ್ಥವು ಬಳಕೆಗೆ ಬಂದಿತ್ತು. ಉಳ್ಳವರು ಕಟ್ಟಿಸುವ ಶಿವಾಲಯವನ್ನೂ ದೇಹವನ್ನೇ ದೇಗುಲ ಮಾಡಿಕೊಂಡ ಭಕ್ತನನ್ನೂ ಎದುರುಬದುರು ನಿಲ್ಲಿಸಿದ ಬಸವಣ್ಣನವರ ವಚನವು ಸರ್ವವಿದಿತ. ಅಲ್ಲಿ ಅವರು ತಮ್ಮನ್ನು ಬಡವನೆಂದು ಕರೆದುಕೊಂಡಿದ್ದಾರೆ. ಆದರೆ ಆ ವಚನದ ಕೊನೆಯಲ್ಲಿ ಸ್ಥಿರವಾಗಿ ಉಳಿಯುವವನು ಯಾರೆಂಬುದನ್ನು ಓದುಗರು ಬಲ್ಲರು. ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಇದನ್ನೇ ಹೇಳುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಪತಿ ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ ಅವಳು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ದಂಪತಿಗಳು ಬಡವರು ಹೌದು. ಅವರಲ್ಲಿ ದೌರ್ಬಲ್ಯವೆಂದು ಕರೆಯಬಹುದಾದದ್ದು ಏನಾದರೂ ಇದ್ದರೆ ಅದು ಆ ಒಂದು ದಿನ ಸುಳಿದ ಆಸೆ ಮಾತ್ರ. ಅದನ್ನೂ ಲಕ್ಕಮ್ಮ ಹೊಸ್ತಿಲು ದಾಟಗೊಡಲಿಲ್ಲ. ಬಡತನಕ್ಕೂ ದೌರ್ಬಲ್ಯಕ್ಕೂ ಶರಣರು ಹೀಗೆ ಗೆರೆ ಎಳೆದರು.

೩. ದೇಹದ ಮಾತುಗಳು

ದೇಹದ ಬಲ ಕುಂದಿದುದನ್ನು ಹೇಳಲು ಕನ್ನಡದಲ್ಲಿ ಎಷ್ಟು ಶಬ್ದಗಳಿವೆಯೆಂಬುದನ್ನು ನೋಡಿದರೆ ಈ ನಾಡಿನ ದುಡಿಮೆಯ ಪರಿಮಾಣವೇ ತಿಳಿಯುತ್ತದೆ.

‘ದಣಿವು’ ಕೆಲಸ ಮಾಡಿದವನಿಗೆ ಬರುವುದು. ಈ ಧಾತುವಿಗೆ ತೃಪ್ತಿಯೆಂಬ ಅರ್ಥವೂ ಇದೆ. ‘ಮನದಣಿಯೆ ಹಾಡಿದರು’, ‘ಕಣ್ದಣಿಯೆ ನೋಡಿದರು’ ಎನ್ನುತ್ತೇವೆ. ದಣಿದವನಲ್ಲಿ ಕೊರತೆಯೇನೂ ಇಲ್ಲ. ಅವನು ತನ್ನ ಪಾಲಿನ ಬಲವನ್ನು ವ್ಯಯಿಸಿದ್ದಾನೆ, ಅಷ್ಟೇ. ‘ಬಳಲಿಕೆ’ ಅದಕ್ಕಿಂತ ದೀರ್ಘ. ಒಂದು ರಾತ್ರಿಯ ನಿದ್ರೆಯಿಂದ ದಣಿವು ಕಳೆಯುತ್ತದೆ, ಬಳಲಿಕೆ ಉಳಿಯುತ್ತದೆ. ‘ಸುಸ್ತು’ ಪಾರಸಿಯಿಂದ ಬಂದ ಶಬ್ದ. ಅದರಲ್ಲಿ ಆಲಸ್ಯದ ಒಂದು ಎಳೆಯೂ ಸೇರಿದೆ. ‘ಸೋಲು’ ಎಂಬ ಕ್ರಿಯೆ ಒಂದೊಂದು ಅವಯವಕ್ಕೂ ಅನ್ವಯಿಸುತ್ತದೆ: ಕೈ ಸೋತಿತು, ಕಾಲು ಸೋತವು, ಕಣ್ಣು ಸೋತವು. ಇಲ್ಲಿ ಸೋತದ್ದು ಅವಯವ, ಮನುಷ್ಯನಿನ್ನೂ ಸೋತಿಲ್ಲ.

‘ಕೃಶ’ವೆಂಬುದು ಕಣ್ಣಿಗೆ ಕಾಣುವ ಆಕಾರ. ಕೃಶನಾದವನು ದುರ್ಬಲನಾಗಿರಲೇಬೇಕೆಂದಿಲ್ಲ, ಬೆಟ್ಟದ ಮೇಲೆ ಕುರಿ ಕಾಯುವವರನ್ನು ನೋಡಿದವರಿಗೆ ಇದು ಗೊತ್ತು. ‘ಕ್ಷೀಣ’ವು ಕ್ರಮೇಣ ಆಗುವ ಇಳಿತ, ಚಂದ್ರ, ದೀಪ, ದನಿ, ನಾಡಿ ಇವು ಕ್ಷೀಣಿಸುತ್ತವೆ. ‘ನಿಶ್ಶಕ್ತಿ’ ರೋಗದಿಂದೆದ್ದವನ ಸ್ಥಿತಿ. ‘ಸೊರಗು’ ಎಂಬುದು ಗಿಡಕ್ಕೂ ಮಗುವಿಗೂ ಸಮಾನವಾದ ಶಬ್ದ. ಬೇರಿಗೆ ರೋಗ ತಗುಲಿ ಬೆಳೆ ಬಾಗಿದರೆ ರೈತರು ಅದನ್ನು ಸೊರಗು ರೋಗವೆನ್ನುತ್ತಾರೆ. ತಾಯಿಯನ್ನಗಲಿದ ಮಗುವೂ ಸೊರಗುತ್ತದೆ. ಬೇರಿನಲ್ಲಿ ಏನೋ ಕೆಟ್ಟಿದೆ, ಎಲೆಯನ್ನು ಬೈದು ಫಲವಿಲ್ಲ ಎಂಬ ತಿಳಿವಳಿಕೆ ಈ ಶಬ್ದದಲ್ಲಿದೆ.

ಈ ಗುಂಪಿನಲ್ಲಿ ಅತ್ಯಂತ ಅರ್ಥಗರ್ಭಿತವಾದುದು ‘ನಿತ್ರಾಣ’. ಸಂಸ್ಕೃತದಲ್ಲಿ ‘ತ್ರಾಣ’ವೆಂದರೆ ರಕ್ಷಣೆ. ಕನ್ನಡದಲ್ಲಿ ಅದು ಮೈಯ ಕಸುವು ಎಂಬ ಅರ್ಥವನ್ನು ಪಡೆಯಿತು. ರಕ್ಷಣೆಯೇ ಶಕ್ತಿ, ಕಾಯುವವರಿಲ್ಲದವನಿಗೆ ಶಕ್ತಿಯೂ ಇಲ್ಲ ಎಂಬಂತೆ ಕನ್ನಡಿಗರು ಈ ಶಬ್ದವನ್ನು ಒಗ್ಗಿಸಿಕೊಂಡರು. ಈ ಶಬ್ದದ ಅರ್ಥವನ್ನು ನಾನು ನಿಘಂಟಿನಿಂದ ಕಲಿತವನಲ್ಲ.

ವೃತ್ತಿಯ ಆರಂಭದ ವರ್ಷಗಳಲ್ಲಿ, ಬೇರೊಂದು ಶಾಲೆಯಲ್ಲಿದ್ದಾಗ, ಒಬ್ಬ ಬಾಲಕನ ಪ್ರಗತಿಪತ್ರದಲ್ಲಿ ‘ಎಲ್ಲ ವಿಷಯಗಳಲ್ಲಿಯೂ ದುರ್ಬಲ’ ಎಂದು ಬರೆದೆನು. ಅದು ಮಳೆ ಕೈಕೊಟ್ಟ ವರ್ಷ. ಅಕ್ಷರ ಬಾರದ ಆ ತಂದೆಯು ಯಾರಿಂದಲೋ ಅದನ್ನು ಓದಿಸಿಕೊಂಡು ಮರುದಿನ ಶಾಲೆಯ ಬಾಗಿಲಿಗೆ ಬಂದನು. ಸಿಟ್ಟಿರಲಿಲ್ಲ. “ಮೇಷ್ಟ್ರೇ, ನಮ್ಮುಡುಗ ದುರ್ಬಲ ಅಲ್ಲ. ನಿತ್ರಾಣ ಆಗ್ಯಾನೆ. ಮನ್ಯಾಗೆ ಎರಡು ದಿನದಿಂದ ಒಲೆ ಹತ್ತಿಲ್ಲ” ಎಂದನು. ನಾನು ಕನ್ನಡದಲ್ಲಿ ಪದವಿ ಪಡೆದವನು. ಆ ಎರಡು ಶಬ್ದಗಳನ್ನು ಪರ್ಯಾಯಪದಗಳೆಂದು ಮಕ್ಕಳಿಗೆ ಬರೆಸಿದ್ದವನು. ಆ ಮನುಷ್ಯನು ಅವುಗಳ ನಡುವಣ ಅಂತರವನ್ನು ನನಗೆ ಬೋಧಿಸಿದನು. ಬಾಲಕನನ್ನು ಮಠವೊಂದರ ಪ್ರಸಾದ ನಿಲಯಕ್ಕೆ ಸೇರಿಸಿದೆವು. ಉಂಡ ಮೇಲೆ ಅವನ ಲೆಕ್ಕವೆಲ್ಲ ಸರಿಹೋಯಿತೆಂದು ಹೇಳಿ ಮುಗಿಸುವುದು ಸುಲಭ. ಹಾಗೇನೂ ಆಗಲಿಲ್ಲ, ಅವನು ಕಷ್ಟಪಟ್ಟೇ ತೇರ್ಗಡೆಯಾದನು. ಆದರೆ ಶಾಲೆ ಬಿಡಲಿಲ್ಲ. ನಾನು ಬರೆದ ಶಬ್ದವೇ ಕೊನೆಯ ಮಾತಾಗಿದ್ದರೆ ಅವನು ಆ ವರ್ಷವೇ ಕುರಿಯ ಹಿಂದೆ ಹೋಗುತ್ತಿದ್ದನು.

೪. ಹೊಲದ ಮಾತು, ಮಗ್ಗದ ಮಾತು

ಚಳ್ಳಕೆರೆ ಸೀಮೆಯು ಶೇಂಗಾ ಮತ್ತು ಎಣ್ಣೆಗಿರಣಿಗಳಿಂದ, ಮೊಳಕಾಲ್ಮೂರು ರೇಷ್ಮೆ ಸೀರೆಯಿಂದ ಹೆಸರಾದವು. ಈ ಎರಡು ಕಸುಬುಗಳಲ್ಲಿಯೂ ದೌರ್ಬಲ್ಯವನ್ನು ಹೇಳುವ ಸ್ವಂತ ಶಬ್ದಗಳಿವೆ.

ಕಾಳು ತುಂಬದ ಕಾಯಿ ‘ಜೊಳ್ಳು’. ಒಳಗೆ ಕೊರೆದುಹೋದ ಮರ ‘ಟೊಳ್ಳು’. ಹುರುಳಿಲ್ಲದ ಮಾತು ‘ಪೊಳ್ಳು’. ಜೊಳ್ಳಾಗುವುದು ಕಾಯಿಯ ತಪ್ಪಲ್ಲ. ಕಾಳು ಕಟ್ಟುವ ಹೊತ್ತಿನಲ್ಲಿ ಮಳೆ ಬರಲಿಲ್ಲ. ಟೊಳ್ಳಾದ ಮರ ಹೊರಗಿನಿಂದ ಗಟ್ಟಿಯಾಗಿ ಕಾಣುತ್ತದೆ. ಆದುದರಿಂದ ಈ ಶಬ್ದವನ್ನು ಮನುಷ್ಯನಿಗೆ ಹಚ್ಚಿದಾಗ ಕಪಟದ ಸೂಚನೆ ಬರುತ್ತದೆ. ಪೊಳ್ಳು ಮಾತಾಡುವವನಾದರೋ ಸ್ವತಃ ಹೊಣೆಗಾರ. ಮೂರೂ ಬರಿದೇ; ಹೊಣೆ ಮಾತ್ರ ಬೇರೆ ಬೇರೆ. ಇನ್ನು ನೆಲಕ್ಕೆ ‘ಕಸುವಿಲ್ಲ’ ಎಂದರೆ ಗೊಬ್ಬರ ಹಾಕಬೇಕೆಂದು ಅರ್ಥ. ಒಂದು ಬೆಳೆ ಕೈಕೊಟ್ಟಿತೆಂದು ಯಾವ ರೈತನೂ ಹೊಲವನ್ನು ‘ಅಯೋಗ್ಯ’ವೆಂದು ಬರೆದಿಡುವುದಿಲ್ಲ.

ನೇಯುವವರಲ್ಲಿ ಎಳೆ ‘ಪಿಸಿಯುತ್ತದೆ’, ಬಟ್ಟೆ ‘ಲಡ್ಡಾಗುತ್ತದೆ’, ಗಂಟು ‘ಸಡಿಲ’ವಾಗುತ್ತದೆ. ಇವಕ್ಕೆ ಎದುರಾದ ಶಬ್ದ ‘ಹುರಿ’. ಒಂಟಿಯಾಗಿ ಕಡಿದುಹೋಗುವ ಎಳೆಗಳನ್ನು ಸೇರಿಸಿ ಹೊಸೆದರೆ ಹುರಿಯಾಗುತ್ತದೆ. ಅದರಿಂದಲೇ ‘ಹುರಿಗೊಳಿಸು’ ಎಂದರೆ ಬಲಪಡಿಸು ಎಂಬ ಅರ್ಥ ಬಂದಿತು. ಬಲವು ಎಳೆಯಲ್ಲಿ ಮಾತ್ರವಿಲ್ಲ, ಹೊಸೆಯುವ ಕೈಯಲ್ಲಿಯೂ ಇದೆ ಎಂಬುದನ್ನು ಅಧ್ಯಾಪಕರಾದ ನಾವು ನೇಕಾರರಿಂದ ಕಲಿಯಬಹುದು.

೫. ಮನಸ್ಸಿನ ಮಾತುಗಳು

ಇದುವರೆಗೆ ಹೇಳಿದ ಶಬ್ದಗಳಲ್ಲಿ ದೂಷಣೆಯ ಅಂಶ ಕಡಿಮೆ. ಮನಸ್ಸಿನ ಪ್ರಾಂತಕ್ಕೆ ಬಂದೊಡನೆ ಅದು ಹೆಚ್ಚುತ್ತದೆ. ‘ಅಳುಕು’ ಕ್ಷಣಿಕ, ಮೊದಲ ಬಾರಿ ವೇದಿಕೆಯೇರಿದ ಯಾರಿಗೂ ಅದು ಸಹಜ. ‘ಅಂಜಿಕೆ’ಗೆ ಹೊರಗಿನ ಕಾರಣವಿರುತ್ತದೆ. ‘ಅಧೈರ್ಯ’ವು ಸಮಯಕ್ಕೆ ಧೈರ್ಯ ಒದಗದಿರುವುದು. ‘ಹೇಡಿತನ’ವು ಸ್ವಭಾವವಾಗಿ ಗಟ್ಟಿಗೊಂಡ ಅಂಜಿಕೆ. ‘ದೈನ್ಯ’ವು ತನ್ನನ್ನು ತಾನು ಕೀಳೆಂದು ಒಪ್ಪಿಕೊಂಡು ಬೇಡುವ ಸ್ಥಿತಿ. ‘ಶೈಥಿಲ್ಯ’ವು ಕಟ್ಟು ಸಡಿಲುವುದು, ಸಂಕಲ್ಪವೊಂದನ್ನು ಮಾಡಿ ಅದನ್ನು ಬಿಗಿಯಾಗಿ ಹಿಡಿಯದವನಲ್ಲಿ ಇದನ್ನು ಕಾಣುತ್ತೇವೆ. ಶಿಥಿಲವಾದ ದೇವಾಲಯಕ್ಕೆ ಜೀರ್ಣೋದ್ಧಾರವುಂಟು. ಶಿಥಿಲವಾದ ಸಂಕಲ್ಪಕ್ಕೂ ಉಂಟು.

‘ಸಿಹಿತಿಂಡಿ ಅವನ ದೌರ್ಬಲ್ಯ’ ಎಂಬಂತಹ ಪ್ರಯೋಗಗಳು ಈಚೆಗೆ ಹೆಚ್ಚಾಗಿವೆ. ಇದು ಇಂಗ್ಲಿಷ್ ನುಡಿಗಟ್ಟಿನ ನೆರಳು. ಕನ್ನಡದಲ್ಲಿ ಇದಕ್ಕೆ ‘ಚಪಲ’ವಿದೆ, ‘ಮೋಹ’ವಿದೆ, ಮಿತಿಮೀರಿದರೆ ‘ವ್ಯಸನ’ವಿದೆ. ನಾಲಗೆಯ ಚಪಲಕ್ಕೂ ಕುಡಿತದ ವ್ಯಸನಕ್ಕೂ ಒಂದೇ ‘ದೌರ್ಬಲ್ಯ’ವೆಂಬ ಮುಸುಕು ಹೊದಿಸಿದರೆ ಮೊದಲನೆಯದು ದೊಡ್ಡದಾಗಿಯೂ ಎರಡನೆಯದು ಚಿಕ್ಕದಾಗಿಯೂ ಕಾಣುತ್ತದೆ.

ಭಗವದ್ಗೀತೆಯ ಎರಡನೆಯ ಅಧ್ಯಾಯದ ಆರಂಭದಲ್ಲಿ ಬರುವ ‘ಹೃದಯದೌರ್ಬಲ್ಯ’ವೆಂಬ ಸಮಾಸವು ಮನಸ್ಸಿನ ಈ ಪ್ರಾಂತಕ್ಕೆ ಸೇರಿದುದು. ಅರ್ಜುನನ ತೋಳಿನಲ್ಲಿ ಬಲಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಹೃದಯದಲ್ಲಿ. ಅಲ್ಲಿ ಆ ದೌರ್ಬಲ್ಯಕ್ಕೆ ‘ಕ್ಷುದ್ರ’ವೆಂಬ ವಿಶೇಷಣವಿದೆ. ಈ ‘ಕ್ಷುದ್ರ’ ಶಬ್ದವನ್ನು ಓದುಗರು ನೆನಪಿನಲ್ಲಿಡಬೇಕು. ಜಟಿಂಗ ರಾಮೇಶ್ವರದ ಬಂಡೆಗೆ ಮರಳಿದಾಗ ಅದು ಬೇರೊಂದು ವೇಷದಲ್ಲಿ ಎದುರಾಗುವುದು.

೬. ಹೊರಗಿನವರು ಹಚ್ಚುವ ಹೆಸರುಗಳು

ಮೂರನೆಯ ಒಂದು ಗುಂಪಿದೆ. ಈ ಶಬ್ದಗಳು ಇರುವ ಸ್ಥಿತಿಯನ್ನು ವರ್ಣಿಸುವುದಕ್ಕಿಂತ ಹೆಚ್ಚಾಗಿ ಹೇಳುವವನ ದೃಷ್ಟಿಯನ್ನು ಪ್ರಕಟಿಸುತ್ತವೆ. ಸ್ತ್ರೀಯನ್ನು ‘ಅಬಲೆ’ಯೆಂದ ನಿಘಂಟುಕಾರರು ನೊಗ, ನೇಗಿಲು, ಒನಕೆ, ಬೀಸುಕಲ್ಲುಗಳ ನಡುವೆ ಬದುಕಿದ ನಮ್ಮ ತಾಯಂದಿರನ್ನು ನೋಡಿದ್ದರೆಂದು ತೋರುವುದಿಲ್ಲ. ‘ಕೈಲಾಗದವನು’ ಎಂಬುದು ಒಂದು ಕೆಲಸದ ಬಗೆಗೆ ಹುಟ್ಟಿದ ಮಾತು. ಅದು ಕ್ರಮೇಣ ಇಡೀ ಮನುಷ್ಯನಿಗೆ ಅಂಟಿತು. ಶಾಲೆಯಲ್ಲಿ ‘ದಡ್ಡ’, ‘ಮಂದ’, ‘ಜಡ’ ಎಂಬವು ಇದೇ ಜಾತಿಯವು. ‘ಮಂದ’ವೆಂದರೆ ಮೂಲತಃ ನಿಧಾನ, ನಿಧಾನವಾಗಿ ಹರಿಯುವ ನೀರು ಆಳಕ್ಕೆ ಇಂಗುತ್ತದೆಂಬುದನ್ನು ಬರದ ನಾಡಿನವರು ಮರೆಯಬಾರದು.

ಇವೆಲ್ಲವನ್ನೂ ಈಗ ‘ವೀಕ್’ ಎಂಬ ಒಂದು ಶಬ್ದ ನುಂಗುತ್ತಿದೆ. ಆಸ್ಪತ್ರೆಯಲ್ಲಿ ರಕ್ತಹೀನತೆಯುಳ್ಳ ಬಾಣಂತಿ ವೀಕು. ಮನೆಯಲ್ಲಿ ಮುದುಕ ವೀಕು. ತರಗತಿಯಲ್ಲಿ ಹುಡುಗ ಲೆಕ್ಕದಲ್ಲಿ ವೀಕು. ಪರಭಾಷೆಯ ಶಬ್ದ ಬಂದಿತೆಂಬ ಕಾರಣಕ್ಕೆ ನನ್ನ ಆಕ್ಷೇಪವಿಲ್ಲ. ಸುಸ್ತು, ಹೈರಾಣಗಳೂ ಹೊರಗಿನಿಂದ ಬಂದವೇ. ಆದರೆ ಅವು ಬಂದು ಹೊಸ ಛಾಯೆಯೊಂದನ್ನು ಸೇರಿಸಿದವು. ಇದು ಇದ್ದ ಛಾಯೆಗಳನ್ನು ಅಳಿಸುತ್ತಿದೆ.

ಇದಕ್ಕೆ ವಿರುದ್ಧವಾದ ಒಂದು ಪ್ರಯೋಗವನ್ನೂ ಹೇಳಬೇಕು. ಭಾರತ ಸಂವಿಧಾನದ 46ನೆಯ ಅನುಚ್ಛೇದವು ಜನತೆಯ ದುರ್ಬಲ ವರ್ಗಗಳ, ವಿಶೇಷವಾಗಿ ಅನುಸೂಚಿತ ಜಾತಿ ಮತ್ತು ಬುಡಕಟ್ಟುಗಳ ಶೈಕ್ಷಣಿಕ ಹಾಗೂ ಆರ್ಥಿಕ ಹಿತವನ್ನು ವಿಶೇಷ ಆಸ್ಥೆಯಿಂದ ವೃದ್ಧಿಗೊಳಿಸಬೇಕೆಂದು ರಾಜ್ಯಕ್ಕೆ ನಿರ್ದೇಶಿಸುತ್ತದೆ. ಅಲ್ಲಿ ‘ದುರ್ಬಲ’ವೆಂಬುದು ಆ ಜನರ ಗುಣವನ್ನು ಹೇಳುವ ಶಬ್ದವಲ್ಲ, ಉಳಿದವರ ಕರ್ತವ್ಯವನ್ನು ಹೇಳುವ ಶಬ್ದ. ಒಂದೇ ಶಬ್ದವು ಹಣೆಪಟ್ಟಿಯೂ ಆಗಬಹುದು, ಹೊಣೆಪತ್ರವೂ ಆಗಬಹುದು. ಬಳಸುವವನ ಉದ್ದೇಶದಿಂದ ಅದು ನಿರ್ಧಾರವಾಗುತ್ತದೆ.

೭. ಬೆಟ್ಟದ ಎರಡು ಸಾಕ್ಷ್ಯಗಳು

ಈಗ ಬೆಟ್ಟಕ್ಕೆ ಮರಳೋಣ. ಜಟಿಂಗ ರಾಮೇಶ್ವರದ ಹೆಸರು ಜಟಾಯುವಿನೊಡನೆ ಬೆಸೆದುಕೊಂಡಿದೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ತಡೆದ ಆ ಪಕ್ಷಿಯು ಬಿದ್ದುದು ಇಲ್ಲಿಯೇ ಎಂಬುದು ಸ್ಥಳಪುರಾಣ. ಲೇಪಾಕ್ಷಿಯೇ ಮೊದಲಾದ ಬೇರೆ ಸ್ಥಳಗಳೂ ಇದೇ ಗೌರವವನ್ನು ಹೇಳಿಕೊಳ್ಳುತ್ತವೆ. ಸ್ಥಳ ಯಾವುದಾದರೂ ಆಗಲಿ, ಕಥೆಯ ಸ್ವಾರಸ್ಯ ಗಮನಾರ್ಹ. ವಾಲ್ಮೀಕಿಯ ಜಟಾಯು ಮುದುಕ. ಎದುರಾಳಿ ಯುವಕ, ಆಯುಧಪಾಣಿ, ರಥಾರೂಢನೆಂಬುದು ಅವನಿಗೆ ತಿಳಿದಿತ್ತು. ಯುದ್ಧದಲ್ಲಿ ಸೋತನು, ರೆಕ್ಕೆಗಳನ್ನು ಕಳೆದುಕೊಂಡನು. ಆದರೂ ಸೀತೆಯನ್ನು ಒಯ್ದವನಾರೆಂದು ರಾಮನಿಗೆ ತಿಳಿಸುವವರೆಗೆ ಉಸಿರು ಹಿಡಿದಿದ್ದನು. ಮೇಲೆ ಹೇಳಿದ ದೇಹದ ಶಬ್ದಗಳೆಲ್ಲ ಅವನಿಗೆ ಸಲ್ಲುತ್ತವೆ: ಕೃಶ, ಕ್ಷೀಣ, ನಿತ್ರಾಣ, ಸೋತವನು. ಮನಸ್ಸಿನ ಶಬ್ದಗಳಲ್ಲಿ ಒಂದೂ ಸಲ್ಲುವುದಿಲ್ಲ. ಗೆದ್ದವರ ಹೆಸರನ್ನು ಹೊತ್ತ ಊರುಗಳು ಲೋಕದಲ್ಲಿ ಅನೇಕವಿವೆ. ಸೋತವನನ್ನು ನೆನೆಯುವ ಬೆಟ್ಟ ನಮ್ಮ ಸೀಮೆಯಲ್ಲಿದೆ.

ಎರಡನೆಯ ಸಾಕ್ಷ್ಯವು ಚಾರಿತ್ರಿಕವಾದುದು. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರುಶಾಸನಗಳನ್ನು ಪತ್ತೆ ಮಾಡಿದರು. ಕ್ರಿಸ್ತಪೂರ್ವ 3ನೆಯ ಶತಮಾನದ ಇವುಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಜಟಿಂಗ ರಾಮೇಶ್ವರದ ಬಂಡೆಗೆ ಜನರು ‘ಬಳೆಗಾರ ಗುಂಡು’ ಎಂದು ಹೆಸರಿಟ್ಟಿದ್ದರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರು. ಆದುದರಿಂದ ಅಲ್ಲಿಯ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ. ಅದೇ ಒಕ್ಕಣೆಯು, ಕೆಲವೇ ಮೈಲಿ ದೂರದ ಬ್ರಹ್ಮಗಿರಿಯ ‘ಅಕ್ಷರ ಗುಂಡಿ’ನ ಮೇಲೆ ಚೆನ್ನಾಗಿ ಉಳಿದಿರುವುದರಿಂದ, ನಾವು ಓದಬಲ್ಲೆವು.

ಅದರ ತಾತ್ಪರ್ಯ ಹೀಗಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮ���ತ್ರರಿಗೆ ಚಕ್ರವರ್ತಿಯ ಮಾತನ್ನು ತಲಪಿಸುತ್ತಾರೆ. ಎರಡೂವರೆ ವರ್ಷಗಳಿಗಿಂತ ಹೆಚ್ಚು ಕಾಲದಿಂದ ತಾನು ಉಪಾಸಕನಾಗಿದ್ದರೂ ಮೊದಲ ಒಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದು ಅಶೋಕನು ಒಪ್ಪಿಕೊಳ್ಳುತ್ತಾನೆ. ಸಂಘವನ್ನು ಸಮೀಪಿಸಿದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ದೃಢವಾಗಿ ಪ್ರಯತ್ನಿಸಿದೆನೆನ್ನುತ್ತಾನೆ. ಈ ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ. ಪ್ರಯತ್ನಿಸುವ ಚಿಕ್ಕವನೂ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲನು ಎಂದು ಸಾರುತ್ತಾನೆ.

ಇಲ್ಲಿ ‘ದೊಡ್ಡವ’ನಿಗೆ ಬಳಸಿರುವ ಶಬ್ದ ‘ಮಹಾತ್ಪ’, ಎಂದರೆ ಮಹಾತ್ಮ. ‘ಚಿಕ್ಕವ’ನಿಗೆ ಬಳಸಿರುವ ಶಬ್ದ ‘ಖುದಕ’. ಸಂಸ್ಕೃತದಲ್ಲಿ ಇದು ‘ಕ್ಷುದ್ರಕ’. ಹಿಂದೆ ಗೀತೆಯ ಪ್ರಸಂಗದಲ್ಲಿ ಕಂಡ ‘ಕ್ಷುದ್ರ’ವೇ ಇದು. ಗೀತೆಯಲ್ಲಿ ಬಲಿಷ್ಠನಾದ ಬಿಲ್ಲುಗಾರನ ಹೃದಯದೌರ್ಬಲ್ಯವು ಕ್ಷುದ್ರವೆನಿಸಿತು. ಶಾಸನದಲ್ಲಿ ಕ್ಷುದ್ರಕನೆಂದು ಲೋಕ ಕರೆಯುವ ಸಾಮಾನ್ಯನಲ್ಲಿ ದೌರ್ಬಲ್ಯವಿರಬೇಕಾಗಿಲ್ಲವೆಂದು ಹೇಳಲಾಯಿತು. ಎರಡನ್ನೂ ಒಟ್ಟಿಗೆ ಓದಿದಾಗ ಒಂದು ತತ್ತ್ವ ದೊರೆಯುತ್ತದೆ: ಚಿಕ್ಕವನಾಗಿರುವುದು ದೌರ್ಬಲ್ಯವಲ್ಲ, ಪ್ರಯತ್ನವನ್ನು ಬಿಡುವುದು ದೌರ್ಬಲ್ಯ. ಆ ಪ್ರಯತ್ನಕ್ಕೆ ಶಾಸನದಲ್ಲಿ ‘ಪಕಮ’ವೆಂಬ ಶಬ್ದವಿದೆ, ಎಂದರೆ ಪ್ರಕ್ರಮ. ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ಅದನ್ನು ಓದುವಾಗ ಕಾಯಕವು ನೆನಪಾಗುವುದು ಸಹಜ. ಎರಡೂ ಒಂದೇ ಎಂದು ಹೇಳುವುದು ಸಾಹಸವಾದೀತು. ಪ್ರಯತ್ನಕ್ಕೆ ಜಾತಿ, ಹುದ್ದೆ, ಹಣಗಳ ಅಂತರವಿಲ್ಲವೆಂಬಷ್ಟನ್ನು ಎರಡೂ ಒಪ್ಪುತ್ತವೆ.

ಇನ್ನೊಂದು ಅಂಶವನ್ನು ಹೇಳದೆ ಮುಂದೆ ಹೋಗಲಾಗದು. ಇಡೀ ಶಾಸನದಲ್ಲಿ ಶೈಥಿಲ್ಯದ ಆರೋಪ ಒಂದೇ ಕಡೆ ಬರುತ್ತದೆ. ಅದನ್ನು ಚಕ್ರವರ್ತಿಯು ತನ್ನ ಮೇಲೆಯೇ ಹೊರಿಸಿಕೊಂಡಿದ್ದಾನೆ. ಪ್ರಜೆಗಳನ್ನು ಅವನು ದುರ್ಬಲರೆನ್ನಲಿಲ್ಲ.

೮. ಶಾಲೆಗೆ ಅನ್ವಯ

ಮೇಲಿನ ವಿಚಾರಗಳನ್ನು ನಾಲ್ಕು ಸೂತ್ರಗಳಾಗಿ ಸಂಗ್ರಹಿಸಬಹುದು.

(1) ದೇಹದ ಸ್ಥಿತಿಗೆ ದೇಹದ ಶಬ್ದವನ್ನೇ ಬಳಸಬೇಕು. ಹಸಿದ ಮಗು ನಿತ್ರಾಣ. ಜ್ವರದಿಂದೆದ್ದ ಮಗು ನಿಶ್ಶಕ್ತ. ಹತ್ತು ಮೈಲಿ ನಡೆದು ಬಂದ ಮಗು ದಣಿದಿದೆ. ಇವುಗಳಲ್ಲಿ ಯಾವುದೂ ಬುದ್ಧಿಯ ವರ್ಣನೆಯಲ್ಲ.

(2) ಒಂದು ವಿಷಯದ ಕೊರತೆಯನ್ನು ಆ ವಿಷಯಕ್ಕೆ ಸೀಮಿತಗೊಳಿಸಬೇಕು. ‘ಗಣಿತದಲ್ಲಿ ದುರ್ಬಲ’ ಎನ್ನುವುದರ ಬದಲು ‘ಭಿನ್ನರಾಶಿಯ ಭಾಗಾಕಾರದಲ್ಲಿ ತಪ್ಪುತ್ತಾನೆ’ ಎಂದು ಬರೆದರೆ ತಂದೆಗೂ ತಿಳಿಯುತ್ತದೆ, ಮುಂದಿನ ಅಧ್ಯಾಪಕನಿಗೂ ದಾರಿ ದೊರೆಯುತ್ತದೆ.

(3) ಮನಸ್ಸಿನ ಶಬ್ದಗಳನ್ನು ಬಳಸುವಲ್ಲಿ ಕ್ಷಣಿಕವಾದುದನ್ನು ಸ್ವಭಾವವೆಂದು ಬರೆಯಬಾರದು. ಅಳುಕುವವನನ್ನು ಹೇಡಿಯೆಂದರೆ ಕೆಲವೊಮ್ಮೆ ಅವನು ಹೇಡಿಯೇ ಆಗುತ್ತಾನೆ.

(4) ಶೈಥಿಲ್ಯವೆಂಬ ಶಬ್ದವನ್ನು ಮೊದಲು ನಮಗೆ ಅನ್ವಯಿಸಿಕೊಂಡು ನೋಡಬೇಕು. ಪಾಠ ತಲಪದಿದ್ದಾಗ ಎಳೆ ಪಿಸಿಯಿತೋ, ಹುರಿ ಹೊಸೆಯುವ ಕೈ ಸಡಿಲಿತೋ ಎಂಬ ಪ್ರಶ್ನೆ ಅಗತ್ಯ.

ತರಗತಿಯಲ್ಲಿ ಮಾಡಬಹುದಾದ ಒಂದು ಅಭ್ಯಾಸವನ್ನೂ ಸೂಚಿಸುತ್ತೇನೆ. ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಂದ, ಹೊಲದಿಂದ, ಮಗ್ಗದಿಂದ, ಕುರಿಹಟ್ಟಿಯಿಂದ ದೌರ್ಬಲ್ಯವನ್ನು ಹೇಳುವ ತಲಾ ಐದು ಶಬ್ದಗಳನ್ನು ಕೇಳಿಕೊಂಡು ಬರಲಿ. ಪ್ರತಿಯೊಂದರ ಎದುರಿಗೆ ಮೂರು ಪ್ರಶ್ನೆಗಳನ್ನು ಬರೆಯಲಿ: ಇದು ಯಾವುದಕ್ಕೆ ಸಲ್ಲುತ್ತದೆ? ಹೊಣೆ ಯಾರದು? ಪರಿಹಾರವೇನು? ತೆಲುಗು ಮನೆಮಾತಿನ ಮಕ್ಕಳು ತಮ್ಮ ಮನೆಯ ಶಬ್ದಗಳನ್ನೂ ತರಲಿ. ಕೊನೆಗೆ ಉಂಟಾಗುವ ಪಟ್ಟಿಯು ಯಾವ ಪಠ್ಯಪುಸ್ತಕದ ಪರ್ಯಾಯಪದಗಳ ಪಟ್ಟಿಗಿಂತಲೂ ಶ್ರೀಮಂತವಾಗಿರುತ್ತದೆ.

ಉಪಸಂಹಾರ

ಶ್ರೀಮಠಗಳು ಶಾಲೆಯ ಪಕ್ಕದಲ್ಲಿ ಪ್ರಸಾದ ನಿಲಯವನ್ನು ಕಟ್ಟಿದುದೇಕೆಂಬ ಪ್ರಶ್ನೆಗೆ ಉತ್ತರವು ‘ನಿತ್ರಾಣ’ವೆಂಬ ಶಬ್ದದಲ್ಲಿಯೇ ಇದೆ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಬಾಳಿನುದ್ದಕ್ಕೂ ನಡೆಸಿದರು. 2002ರಲ್ಲಿ ರಾಜ್ಯದಲ್ಲಿ ಆರಂಭವಾದ ಶಾಲಾ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂಬ ಹೆಸರೇ ಬಂದಿತು. ನಿತ್ರಾಣವಾದ ಮಗುವಿಗೆ ತ್ರಾಣವನ್ನು ಕೊಟ್ಟ ಮೇಲೆ, ಪಾಠವು ಎಲ್ಲಿ ತೊಡಕಾಗಿದೆಯೆಂಬುದನ್ನು ಪರಿಶೀಲಿಸಬೇಕು. ದಾನಿಗಳು ಕೊಟ್ಟ ಒಂದು ಚೀಲ ಅಕ್ಕಿಯು ಎಷ್ಟೋ ಪ್ರಗತಿಪತ್ರಗಳಲ್ಲಿ ‘ದುರ್ಬಲ’ವೆಂಬ ಶಬ್ದವನ್ನು ಅಳಿಸಿದೆ. ಇದು ಹೊಗಳಿಕೆಯ ಮಾತಲ್ಲ. ಹಾಗೆ ಅಳಿಸಲ್ಪಟ್ಟವರಲ್ಲಿ ಹಲವರು ಇಂದು ಹಳೆಯ ವಿದ್ಯಾರ್ಥಿಗಳಾಗಿ ಈ ಸಂಪುಟವನ್ನು ಓದುತ್ತಿರಬಹುದು.

ಬ್ರಹ್ಮಗಿರಿಯ ಶಾಸನದ ಒಂದು ವಿವರವನ್ನು ಕೊನೆಗೆಂದು ಉಳಿಸಿಕೊಂಡಿದ್ದೇನೆ. ಇಸಿಲದ ಅಧಿಕಾರಿಗಳಿಗೆ ಆಜ್ಞೆಯನ್ನು ತಿಳಿಸುವ ಮೊದಲು ಅವರ ಆರೋಗ್ಯವನ್ನು ವಿಚಾರಿಸಬೇಕೆಂದು ಅದರಲ್ಲಿದೆ. ಧರ್ಮೋಪದೇಶ ಬರುವುದು ಆಮೇಲೆ. ಆಚಾರ್ಯನನ್ನು ಅಂತೇವಾಸಿಯು ಗೌರವಿಸಬೇಕೆಂಬ ಮಾತೂ ಆಮೇಲೆಯೇ. ನಮ್ಮ ಸೀಮೆಯ ಬಂಡೆಗಳ ಮೇಲೆ ಇಪ್ಪತ್ತೆರಡು ಶತಮಾನಗಳಿಗೂ ಹಿಂದೆ ಕೊರೆದಿಟ್ಟ ಈ ಕ್ರಮವನ್ನು ಅಧ್ಯಾಪಕರು ಅನುಸರಿಸಿದರೆ ಸಾಕು. ಪ್ರಗತಿಪತ್ರದ ಷರಾ ಅಂಕಣದಲ್ಲಿ ಲೇಖನಿಯನ್ನು ಊರುವ ಮುನ್ನ ಮಗುವಿನ ಆರೋಗ್ಯವನ್ನು ವಿಚಾರಿಸೋಣ; ಬೆಳಿಗ್ಗೆ ಏನು ಉಂಡು ಬಂದೆಯೆಂದು ಕೇಳೋಣ. ಬರೆಯಬೇಕಾದ ಶಬ್ದವು ಆಗ ತಾನಾಗಿಯೇ ಹೊಳೆಯುವುದು.